ಪಂಡಿತ ವಕೀಲರ ಎರಡು ಖಟ್ಲೆಗಳು

ಸಖಾರಾಮ ಗಣೇಶ ಪಂಡಿತ ಎಂಬ ಹೆಸರು ಕಿವಿಗೆ ಬಿದ್ದರೆ ಧಾರವಾಡದ ಬಾರ್ ರೂಮಿನಲ್ಲಿ ಯಾರೂ ಅದನ್ನು ಪರದೇಶದ ಹೆಸರು ಎನ್ನಲಾರರು. ಆದರೆ ಈ ಪಂಡಿತರು ವಕೀಲಿ ಮಾಡಿದ್ದು ಲಾಸ್ ಏಂಜಲೀಸಿನಲ್ಲಿ. 1914ರಲ್ಲಿ ಅವರು ಅಮೆರಿಕದ ಪೌರರಾದರು, 1917ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಕೀಲಿಯ ಸನ್ನದು ಪಡೆದರು. ಮುಂದಿನ ಹತ್ತು ವರ್ಷಗಳಲ್ಲಿ ಅಲ್ಲಿನ ಭಾರತೀಯರ ಹಣೆಬರಹವನ್ನೇ ತಿದ್ದಿದ ಎರಡು ಖಟ್ಲೆಗಳಲ್ಲಿ ಅವರ ಹೆಸರಿದೆ. ಒಂದರಲ್ಲಿ ಬೇರೊಬ್ಬರ ಪರ ವಕೀಲರು, ಇನ್ನೊಂದರಲ್ಲಿ ತಾವೇ ಪ್ರತಿವಾದಿ. ಮೊದಲನೆಯದನ್ನು ಸೋತರು, ಎರಡನೆಯದನ್ನು ಗೆದ್ದರು. ಸೋತದ್ದನ್ನು ವಲಸೆಯ ಇತಿಹಾಸ ಬರೆಯುವವರೆಲ್ಲ ನೆನೆಯುತ್ತಾರೆ. ಗೆದ್ದದ್ದರ ಸುದ್ದಿ ವಕೀಲರಲ್ಲಿಯೇ ಅನೇಕರಿಗೆ ತಿಳಿಯದು. ನಾನು ಆಯುಷ್ಯವೆಲ್ಲ ದಿವಾಣಿ ದಾವೆಗಳನ್ನು ನಡೆಸಿದವನು. ನನ್ನ ಮಟ್ಟಿಗೆ ಆ ಎರಡನೆಯ ಖಟ್ಲೆಯೇ ದೊಡ್ಡದು.

ಮೊದಲನೆಯದರ ಹಿನ್ನೆಲೆ ಹೇಳಬೇಕು. ಅಮೆರಿಕ 1790ರಲ್ಲಿ ಮಾಡಿದ ಪೌರತ್ವದ ಕಾಯ್ದೆಯ ಪ್ರಕಾರ ಹೊರಗಿನಿಂದ ಬಂದವರಲ್ಲಿ ಸ್ವತಂತ್ರ ಬಿಳಿಯರು ಮಾತ್ರ ಪೌರರಾಗಬಹುದಿತ್ತು. ಗುಲಾಮಗಿರಿ ಹೋದ ಮೇಲೆ, 1870ರಲ್ಲಿ, ಆಫ್ರಿಕಾ ಮೂಲದವರಿಗೂ ಬಾಗಿಲು ತೆರೆಯಿತು. ಚೀನಿಯರನ್ನು 1882ರ ಕಾಯ್ದೆ ಹೆಸರಿಟ್ಟೇ ಹೊರಗಿಟ್ಟಿತು. ಭಾರತೀಯರು ಯಾವ ಸಾಲಿನಲ್ಲಿ? ಕಾಯ್ದೆಯಲ್ಲಿ ಉತ್ತರವಿರಲಿಲ್ಲ. ಒಬ್ಬ ಜಡ್ಜು ಹೌದೆಂದರೆ ಇನ್ನೊಬ್ಬರು ಅಲ್ಲವೆನ್ನುತ್ತಿದ್ದರು. ಪಂಡಿತರಿಗೆ ಪೌರತ್ವ ಕೊಟ್ಟ ಲಾಸ್ ಏಂಜಲೀಸಿನ ಕೋರ್ಟು ಹೌದೆಂದಿತ್ತು.

ಭಗತ್ ಸಿಂಗ್ ಥಿಂಡ್ ಅಮೃತಸರ ಜಿಲ್ಲೆಯವರು. 1913ರಲ್ಲಿ ಅಮೆರಿಕಕ್ಕೆ ಬಂದು ಆರಿಗನ್ನಿನ ಮರದ ಮಿಲ್ಲಿನಲ್ಲಿ ದುಡಿದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸೇರಿದರು. 1918ರ ಡಿಸೆಂಬರ್ 9ರಂದು ಸೈನಿಕನ ಸಮವಸ್ತ್ರದಲ್ಲಿಯೇ ಪೌರತ್ವದ ಪ್ರಮಾಣ ಸ್ವೀಕರಿಸಿದರು. ನಾಲ್ಕೇ ದಿನಗಳಲ್ಲಿ ಅದು ರದ್ದಾಯಿತು, ಏಕೆಂದರೆ ಅವರು ಬಿಳಿಯರಲ್ಲ. ಛಲ ಬಿಡದೆ ಆರಿಗನ್ನಿನಲ್ಲಿ ಮತ್ತೆ ಅರ್ಜಿ ಹಾಕಿದರು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದಿದ್ದ ಗದರ್ ಚಳವಳಿಯವರ ಸ್ನೇಹವಿದೆ ಎಂದು ಸರ್ಕಾರ ತಕರಾರು ಎತ್ತಿದರೂ ಜಡ್ಜ್ ಚಾರ್ಲ್ಸ್ ವುಲ್ವರ್ಟನ್ 1920ರ ನವೆಂಬರಿನಲ್ಲಿ ಪೌರತ್ವ ಕೊಟ್ಟರು. ಸರ್ಕಾರ ಅಪೀಲು ಹೋಯಿತು. ಒಂಬತ್ತನೆಯ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯ ತಾನು ತೀರ್ಮಾನಿಸದೆ ಸುಪ್ರೀಂ ಕೋರ್ಟಿಗೆ ಎರಡು ಪ್ರಶ್ನೆ ಬರೆದು ಕಳಿಸಿತು. ಅಮೃತಸರದಲ್ಲಿ ಹುಟ್ಟಿದ ಮೇಲ್ಜಾತಿಯ ಹಿಂದೂ ಬಿಳಿಯನೋ ಅಲ್ಲವೋ ಎಂಬುದೇ ಮೊದಲನೆಯ ಪ್ರಶ್ನೆ. ಥಿಂಡ್ ಸಿಖ್ಖರು. ಆದರೆ ಆ ದಿನಗಳ ಅಮೆರಿಕದಲ್ಲಿ ಭಾರತದಿಂದ ಬಂದವರೆಲ್ಲ ಹಿಂದೂಗಳೇ.

ಥಿಂಡ್ ಪರವಾಗಿ ವಿಲ್ ಕಿಂಗ್, ಥಾಮಸ್ ಮ್ಯಾನಿಕ್ಸ್ ಅವರ ಜೊತೆ ಪಂಡಿತರೂ ನಿಂತರು. ಕಾಲ ಅನುಕೂಲವಾಗಿಯೇ ಕಾಣುತ್ತಿತ್ತು. ಕೆಲವೇ ತಿಂಗಳ ಹಿಂದೆ, 1922ರ ನವೆಂಬರಿನಲ್ಲಿ, ಜಪಾನಿನ ತಕಾವೊ ಒಜಾವಾ ಅವರ ಅರ್ಜಿಯನ್ನು ವಜಾ ಮಾಡುತ್ತ ಅದೇ ಸುಪ್ರೀಂ ಕೋರ್ಟು, ಬಿಳಿಯ ಎಂದರೆ ಕಾಕೇಷಿಯನ್ ಜನಾಂಗದವನು ಎಂದಿತ್ತು. ಅಂದಿನ ಮಾನವಶಾಸ್ತ್ರದ ಪುಸ್ತಕಗಳು ಉತ್ತರ ಭಾರತೀಯರನ್ನು ಅದೇ ಜನಾಂಗಕ್ಕೆ ಸೇರಿಸಿದ್ದವು. ಅಲ್ಲಿಗೆ ಖಟ್ಲೆ ಗೆದ್ದಂತೆಯೇ ಎಂದು ಯಾವ ವಕೀಲನಿಗಾದರೂ ಅನಿಸುತ್ತಿತ್ತು.

ಥಿಂಡ್ ಪರ ಸಲ್ಲಿಸಿದ ವಾದಪತ್ರ ಅಷ್ಟಕ್ಕೆ ನಿಲ್ಲಲಿಲ್ಲ. ಜಾತಿಯ ಕಟ್ಟುಪಾಡಿನಿಂದಾಗಿ ಮೇಲ್ಜಾತಿಯವರ ಆರ್ಯ ರಕ್ತ ಕೆಡದೆ ಉಳಿದಿದೆ ಎಂದಿತು. ಮದುವೆಯ ಮಾತು ಬಂದಾಗ ಅಮೆರಿಕದ ಬಿಳಿಯರು ಕರಿಯರನ್ನು ಹೇಗೆ ದೂರ ಇಡುತ್ತಾರೋ ಮೇಲ್ಜಾತಿಯವರು ಭಾರತದ ಮೂಲನಿವಾಸಿಗಳನ್ನು ಹಾಗೆಯೇ ದೂರ ಇಡುತ್ತಾರೆ ಎಂದೂ ಹೇಳಿತು. ಇದನ್ನು ಓದುವಾಗ ನನಗೆ ಸಂಕಟವಾಗುತ್ತದೆ. ಬಾಗಿಲು ತೆರೆಯಿರಿ ಎಂದು ಕೇಳುವಾಗ ತನ್ನ ಹಿಂದೆ ನಿಂತವರನ್ನು ತುಳಿದು ಕೇಳುವ ವಾದ ಇದು. ಕಾಯ್ದೆ ಕೇಳಿದ್ದು ಬಿಳಿಯನೋ ಅಲ್ಲವೋ ಎಂಬುದನ್ನಷ್ಟೇ, ವಕೀಲನಾದವನು ಕಾಯ್ದೆಯ ಚೌಕಟ್ಟಿನೊಳಗೇ ವಾದಿಸಬೇಕು ಎಂಬುದು ನಿಜ. ಆದರೂ ಒಂದು ಅನ್ಯಾಯದಿಂದ ಪಾರಾಗಲು ಇನ್ನೊಂದು ಅನ್ಯಾಯದ ಸಾಕ್ಷಿ ಹೇಳಿಸಬಾರದಿತ್ತು. ಅದರಿಂದ ಉಪಯೋಗವೂ ಆಗಲಿಲ್ಲ.

1923ರ ಫೆಬ್ರವರಿ 19ರಂದು ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್. ಮೂರು ತಿಂಗಳ ಹಿಂದೆ ಒಜಾವಾ ತೀರ್ಪನ್ನು ಬರೆದವರೂ ಅವರೇ. ಇಂಗ್ಲೆಂಡಿನಲ್ಲಿ ಹುಟ್ಟಿ, ಮಗುವಾಗಿದ್ದಾಗ ಅಮೆರಿಕಕ್ಕೆ ಬಂದವರು, ಅಂದರೆ ಅವರೂ ವಲಸಿಗರೇ. ಶಾಸ್ತ್ರಜ್ಞರ ವಿಂಗಡಣೆ ಬೇಡ, ಬಿಳಿಯ ಎಂದರೆ ಬೀದಿಯ ಸಾಮಾನ್ಯ ಮನುಷ್ಯ ಏನೆಂದುಕೊಳ್ಳುತ್ತಾನೋ ಅದೇ ಅರ್ಥ ಎಂದು ಅವರು ಈಗ ಬರೆದರು. ಒಬ್ಬ ನ್ಯಾಯಮೂರ್ತಿಯೂ ಭಿನ್ನಮತ ಬರೆಯಲಿಲ್ಲ.

ಸರ್ಕಾರಕ್ಕೆ ಅಷ್ಟೇ ಬೇಕಾಗಿತ್ತು. ಹೊಸ ಅರ್ಜಿಗಳನ್ನು ತಡೆದು ಸುಮ್ಮನಾಗಲಿಲ್ಲ, ಹಿಂದೆ ಕೊಟ್ಟ ಪೌರತ್ವಗಳನ್ನೂ ಕಿತ್ತುಕೊಳ್ಳಲು ಹೊರಟಿತು. ಕಾನೂನು ಮೀರಿ ಪಡೆದ ಪೌರತ್ವವನ್ನು ದಾವೆ ಹೂಡಿ ರದ್ದುಪಡಿಸಲು 1906ರ ಕಾಯ್ದೆಯಲ್ಲಿ ಅವಕಾಶವಿತ್ತು. ಭಾರತೀಯರು ಎಂದೂ ಬಿಳಿಯರಾಗಿರಲಿಲ್ಲ ಎಂದ ಮೇಲೆ ಅವರು ಪಡೆದ ಪೌರತ್ವವೆಲ್ಲ ಕಾನೂನು ಮೀರಿದ್ದೇ ಎಂಬುದು ಸರ್ಕಾರದ ವಾದ. ಮೊದಲ ಪೆಟ್ಟು ಬಿದ್ದದ್ದು ಆಧ್ಯಾತ್ಮಿಕ ಉಪನ್ಯಾಸಕರಾಗಿದ್ದ ಎ.ಕೆ. ಮಜುಮ್‌ದಾರ್ ಅವರಿಗೆ. ಆಮೇಲೆ ಹತ್ತಾರು ಜನ ಸಾಲಾಗಿ ಪೌರತ್ವ ಕಳೆದುಕೊಂಡರು. ಪೌರತ್ವಕ್ಕೆ ಅರ್ಹರಲ್ಲದವರು ಜಮೀನು ಹೊಂದಬಾರದೆಂಬ ಕಾಯ್ದೆ ಕ್ಯಾಲಿಫೋರ್ನಿಯಾದಲ್ಲಿ ಮೊದಲೇ ಇತ್ತು. ಆದ್ದರಿಂದ ಇಂಪೀರಿಯಲ್ ಕಣಿವೆಯಲ್ಲಿ ಬೆಳೆ ತೆಗೆಯುತ್ತಿದ್ದ ಪಂಜಾಬಿ ರೈತರ ಹೊಲಗಳಿಗೂ ಕುತ್ತು ಬಂತು.

ವೈಷ್ಣೋದಾಸ್ ಬಗಾಯ್ ಅವರ ಕಥೆ ಹೇಳದೆ ಮುಂದೆ ಹೋಗಲಾರೆ. ಪೇಶಾವರದವರು. 1915ರಲ್ಲಿ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳೊಂದಿಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಿಳಿದರು, ಅಂಗಡಿ ಇಟ್ಟರು, 1921ರಲ್ಲಿ ಪೌರರಾದರು. ಥಿಂಡ್ ತೀರ್ಪಿನ ನಂತರ ಅದೆಲ್ಲ ಕೈಬಿಟ್ಟಿತು. ಅಂಗಡಿ ಮಾರಬೇಕಾಯಿತು. ಭಾರತಕ್ಕೆ ಹೋಗಿಬರಲು ಅಮೆರಿಕದ ಪಾಸ್‌ಪೋರ್ಟ್ ಸಿಗಲಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊಳ್ಳಿ ಎಂದರು. ಯಾವ ಆಳ್ವಿಕೆಯನ್ನು ಧಿಕ್ಕರಿಸಿ ಬಂದಿದ್ದರೋ ಅದರ ಪ್ರಜೆಯಾಗಿ ಹಿಂದಿರುಗಲು ಅವರು ಒಪ್ಪಲಿಲ್ಲ. 1928ರ ಮಾರ್ಚಿನಲ್ಲಿ ಸ್ಯಾನ್ ಹೊಸೆ ಊರಿನ ಒಂದು ಬಾಡಿಗೆ ಕೋಣೆಯಲ್ಲಿ ಪ್ರಾಣ ಕಳೆದುಕೊಂಡರು. ಅವರು ಬರೆದಿಟ್ಟ ಪತ್ರ ಸ್ಯಾನ್ ಫ್ರಾನ್ಸಿಸ್ಕೊದ ಪತ್ರಿಕೆಯಲ್ಲಿ ಅಚ್ಚಾಯಿತು.

ಪಂಡಿತರ ಮೇಲೂ ದಾವೆ ಬಂದಿತ್ತು. ಸರ್ಕಾರ ಅವರ ಪೌರತ್ವವನ್ನಷ್ಟೇ ಕೇಳುತ್ತಿರಲಿಲ್ಲ. ಅವರ ವೃತ್ತಿ ಅದರ ಮೇಲೆ ನಿಂತಿತ್ತು. 1920ರಲ್ಲಿ ಅವರು ಮದುವೆಯಾಗಿದ್ದ ಬಿಳಿಯ ಮಹಿಳೆಯ ಪೌರತ್ವವೂ ಅಂದಿನ ಕಾಯ್ದೆಯ ಪ್ರಕಾರ ಗಂಡನ ಪೌರತ್ವಕ್ಕೆ ಗಂಟುಬಿದ್ದಿತ್ತು.

ಈ ಸಲ ಅವರ ಕೈಹಿಡಿದ ತಕರಾರು ನಮ್ಮ ಮುನ್ಸಿಫ್ ಕೋರ್ಟಿನಲ್ಲಿ ದಿನಬೆಳಗಾದರೆ ಕೇಳಿಬರುವಂಥದು. ಪಂಡಿತರ ವಾದ ಇದು: 1914ರಲ್ಲಿ ನನ್ನ ಅರ್ಜಿ ವಿಚಾರಣೆಗೆ ಬಂದಾಗ ನಾನು ಬಿಳಿಯನೋ ಅಲ್ಲವೋ ಎಂಬ ಪ್ರಶ್ನೆಯೇ ಎದ್ದಿತ್ತು. ಸರ್ಕಾರ ಹಾಜರಿದ್ದು ವಿರೋಧಿಸಿತ್ತು. ಅಧಿಕಾರವುಳ್ಳ ಕೋರ್ಟು ನನ್ನ ಪರ ತೀರ್ಮಾನಿಸಿತು. ಸರ್ಕಾರ ಅಪೀಲು ಹೋಗಲಿಲ್ಲ. ಇಷ್ಟು ವರ್ಷಗಳಾದ ಮೇಲೆ ಅದೇ ಪ್ರಶ್ನೆಯನ್ನು ಅದೇ ಪಕ್ಷಕಾರರ ನಡುವೆ ಮತ್ತೆ ಕೆದಕುವಂತಿಲ್ಲ. ಇದು ರೆಸ್ ಜುಡಿಕೇಟಾ. ನಮ್ಮಲ್ಲಿ 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯ 11ನೇ ಕಲಮು. ಜೊತೆಗೆ ಎಸ್ಟಾಪಲ್. ಆ ತೀರ್ಪನ್ನು ನಂಬಿ ಬದುಕು ಕಟ್ಟಿಕೊಂಡವನನ್ನು, ಹತ್ತು ವರ್ಷ ಸುಮ್ಮನಿದ್ದ ಸರ್ಕಾರ ಈಗ ಬೀದಿಗೆ ತಳ್ಳಬಹುದೇ ಎಂಬ ಪ್ರಶ್ನೆ.

ಇದರ ಬಲ ಗೊತ್ತಾಗಬೇಕಾದರೆ ವಾಟ್ನಿ ದಾವೆ, ಅಂದರೆ ಪಾಲಿನ ದಾವೆ, ನೋಡಿರಬೇಕು. ಅಣ್ಣತಮ್ಮಂದಿರ ನಡುವೆ ಹೊಲದ ತಂಟೆ ಕೋರ್ಟಿಗೆ ಬರುತ್ತದೆ, ಡಿಕ್ರಿ ಆಗುತ್ತದೆ, ಸೋತವನು ಅಪೀಲು ಮಾಡುವುದಿಲ್ಲ. ಗೆದ್ದವನು ಬಾವಿ ತೋಡಿಸುತ್ತಾನೆ, ಮನೆ ಕಟ್ಟಿಸುತ್ತಾನೆ. ಹತ್ತು ವರ್ಷಗಳ ಮೇಲೆ ಬೇರೆ ಯಾರದೋ ಖಟ್ಲೆಯಲ್ಲಿ ಹೈಕೋರ್ಟು ಕಾನೂನಿಗೆ ಹೊಸ ಅರ್ಥ ಹೇಳಿತೆಂದು ಸೋತವನು ಅದೇ ಹೊಲಕ್ಕೆ ಮತ್ತೆ ದಾವೆ ತಂದರೆ, ಜಡ್ಜು ಮೊದಲು ಕೇಳುವುದು ಹಳೆಯ ಡಿಕ್ರಿಯ ನಕಲನ್ನು. ಹಳೆಯ ತೀರ್ಪು ಸರಿಯೋ ತಪ್ಪೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಅದು ಅಂತಿಮವಾಗಿದೆ, ಅಷ್ಟೇ. ಜನ ಇದನ್ನು ತಾಂತ್ರಿಕ ತಕರಾರು ಎಂದು ಹಗುರಾಗಿ ಕಾಣುತ್ತಾರೆ. ಹಾಗೆ ಕಾಣಬಾರದು. ಬಡವನೊಬ್ಬ ನೆಮ್ಮದಿಯಿಂದ ನಿದ್ದೆ ಮಾಡುವುದು ಈ ತಾಂತ್ರಿಕತೆಯ ಆಸರೆಯಲ್ಲಿಯೇ.

ಸರ್ಕಾರದ ಕೈಯಲ್ಲಿ ಬಲವಾದ ಹಳೆಯ ತೀರ್ಪುಗಳಿದ್ದವು. ಪೌರತ್ವವೆಂಬುದು ಸರ್ಕಾರ ಷರತ್ತಿನ ಮೇಲೆ ಕೊಡುವ ದಾನ, ಷರತ್ತು ಮುರಿದಿದ್ದರೆ ಹಿಂತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟೇ ಹೇಳಿತ್ತು. ಆದರೂ ಲಾಸ್ ಏಂಜಲೀಸಿನ ಫೆಡರಲ್ ಜಡ್ಜು ಪಂಡಿತರ ಪರ ತೀರ್ಪಿತ್ತರು. 1926ರಲ್ಲಿ ಒಂಬತ್ತನೆಯ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಥಿಂಡ್ ಖಟ್ಲೆಯನ್ನು ಸುಪ್ರೀಂ ಕೋರ್ಟಿಗೆ ಕಳಿಸಿದ್ದ ನ್ಯಾಯಾಲಯವೇ ಇದು. ಸರ್ಕಾರ ಸುಪ್ರೀಂ ಕೋರ್ಟಿನ ಕದ ತಟ್ಟಿತು. 1927ರಲ್ಲಿ ಆ ಅರ್ಜಿಯನ್ನು ಕೋರ್ಟು ಕೈಗೆತ್ತಿಕೊಳ್ಳಲಿಲ್ಲ. ಭಾರತೀಯರ ಮೇಲೆ ಬಾಕಿಯಿದ್ದ ಇಂಥ ದಾವೆಗಳನ್ನು ಸರ್ಕಾರ ಆಮೇಲೆ ಕೈಬಿಟ್ಟಿತು. ಭಾರತೀಯರು ಬಿಳಿಯರಲ್ಲವೆಂಬ ಥಿಂಡ್ ತೀರ್ಪು ಹಾಗೆಯೇ ನಿಂತಿತ್ತು, ಅದನ್ನು ಯಾರೂ ಅಲುಗಿಸಲಿಲ್ಲ. ಆದರೆ ಪೌರತ್ವ ಉಳಿದಿದ್ದವರದು ಉಳಿಯಿತು. ಅಷ್ಟರೊಳಗೆ ಕಳೆದುಕೊಂಡವರಿಗೆ ಮರಳಿ ಬರಲಿಲ್ಲ. 1946ರ ಲೂಸ್–ಸೆಲ್ಲರ್ ಕಾಯ್ದೆ ಬರುವ ತನಕ ಭಾರತೀಯರಿಗೆ ಆ ಬಾಗಿಲು ಮುಚ್ಚಿಯೇ ಇತ್ತು. ಯುದ್ಧದಲ್ಲಿ ದುಡಿದವರಿಗೆಂದು ಮಾಡಿದ 1935ರ ಕಾಯ್ದೆಯಿಂದ ಥಿಂಡ್ ಮಾತ್ರ 1936ರಲ್ಲಿ, ಮೂರನೆಯ ಸಲ, ಪೌರರಾದರು.

ಹೀಗಾಗಿ ನಾನು ಹೇಳುವುದು ಇಷ್ಟು: ರಕ್ತ, ಜನಾಂಗ, ಜಾತಿ ಎಂಬ ದೊಡ್ಡ ವಾದಗಳಿಂದ ಆಗದ್ದು ಒಂದು ಹಳೆಯ ತೀರ್ಪಿನ ನಕಲಿನಿಂದ ಆಯಿತು. ಆದರೆ ಆ ನಕಲನ್ನು ಯಾವಾಗ, ಹೇಗೆ ಮುಂದಿಡಬೇಕೆಂದು ತಿಳಿಯಲು ವಕೀಲ ಬೇಕು. ಪಂಡಿತರು ಸ್ವತಃ ವಕೀಲರು. ಉಳಿದವರು?

ವಕೀಲನಿದ್ದರೂ ಅವನನ್ನು ಕಕ್ಷಿದಾರನ ಹತ್ತಿರ ಬಿಡದ ಉದಾಹರಣೆಯೂ ಇದೆ. 1914ರ ಮೇ 23ರಂದು 376 ಭಾರತೀಯರನ್ನು ಹೊತ್ತ ಕೊಮಗಾಟಾ ಮಾರು ಎಂಬ ಹಡಗು ಕೆನಡಾದ ವ್ಯಾಂಕೂವರಿಗೆ ಬಂತು. ದಡದ ಮೇಲಿದ್ದ ಭಾರತೀಯರು ವಂತಿಗೆ ಎತ್ತಿ ಜೆ. ಎಡ್ವರ್ಡ್ ಬರ್ಡ್ ಎಂಬ ವಕೀಲರನ್ನು ಹಿಡಿದರು. ಹಿಂದಿನ ವರ್ಷವಷ್ಟೇ ಪನಾಮಾ ಮಾರು ಹಡಗಿನಲ್ಲಿ ಬಂದ ಭಾರತೀಯರನ್ನು ಮುಖ್ಯ ನ್ಯಾಯಮೂರ್ತಿ ಗಾರ್ಡನ್ ಹಂಟರ್ ಬಿಡುಗಡೆ ಮಾಡಿದ್ದರು. ಸರ್ಕಾರಿ ಆದೇಶದ ಮಾತುಗಳು ಮೂಲ ಕಾಯ್ದೆಯ ಮಾತುಗಳಿಗೆ ಹೊಂದುತ್ತಿರಲಿಲ್ಲ ಎಂಬುದೇ ಅಲ್ಲಿ ಗೆಲುವಿನ ಕಾರಣ. ಈ ಸಲ ಸರ್ಕಾರ ಆದೇಶಗಳನ್ನು ತಿದ್ದಿ ಬರೆದು ಕಾದಿತ್ತು. ವಲಸೆ ಅಧಿಕಾರಿಗಳು ಬರ್ಡ್ ಅವರನ್ನು ಹಡಗು ಹತ್ತಲು ಬಿಡಲಿಲ್ಲ. ಹಡಗು ಬಂದರಿನಲ್ಲಿಯೇ ಇದ್ದರೂ ವಕೀಲರು ತಮ್ಮ ಕಕ್ಷಿದಾರರ ಎದುರು ಕೂತು ಮಾತಾಡುವಂತಿರಲಿಲ್ಲ. ಕೊನೆಗೆ ಮುನ್ಷಿ ಸಿಂಗ್ ಎಂಬ ಒಬ್ಬ ಪ್ರಯಾಣಿಕನ ಖಟ್ಲೆಯನ್ನು ಮಾದರಿಯಾಗಿ ನಡೆಸಲು ಒಪ್ಪಂದವಾಯಿತು. ಜುಲೈ 6ರಂದು ಬ್ರಿಟಿಷ್ ಕೊಲಂಬಿಯಾದ ಮೇಲ್ಮನವಿ ನ್ಯಾಯಾಲಯ ಒಮ್ಮತದಿಂದ ಅಪೀಲನ್ನು ವಜಾ ಮಾಡಿತು. ಜುಲೈ 23ರಂದು ಯುದ್ಧನೌಕೆಯ ಕಾವಲಿನಲ್ಲಿ ಹಡಗು ಹಿಂದಕ್ಕೆ ಹೊರಟಿತು.

ಮತ್ತೆ ಅಮೆರಿಕಕ್ಕೆ ಬರೋಣ. ವಲಸಿಗನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲನನ್ನು ಕೊಡದಿರುವ ರೂಢಿಯ ಬೇರು 1893ರಲ್ಲಿದೆ. ಹಿಂದಿನ ವರ್ಷ ಬಂದ ಗೀರಿ ಕಾಯ್ದೆ ಪ್ರತಿಯೊಬ್ಬ ಚೀನಿ ಕೂಲಿಕಾರನೂ ವಾಸದ ಪ್ರಮಾಣಪತ್ರ ಪಡೆಯಬೇಕು, ಇಲ್ಲದಿದ್ದರೆ ಗಡೀಪಾರು ಎಂದಿತು. ಪತ್ರವಿಲ್ಲದೆ ಸಿಕ್ಕಿಬಿದ್ದವನು ತಾನು ಮೊದಲಿನಿಂದ ಇಲ್ಲಿದ್ದವನೆಂದು ತೋರಿಸಲು ಕನಿಷ್ಠ ಒಬ್ಬ ಬಿಳಿಯ ಸಾಕ್ಷಿಯನ್ನು ತರಬೇಕಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಚೀನಿಯರ ಆರು ಕಂಪನಿಗಳ ಒಕ್ಕೂಟ ನೋಂದಣಿ ಮಾಡಿಸಬೇಡಿ, ತಲೆಗೊಂದು ಡಾಲರ್ ಕೊಡಿ, ಕೋರ್ಟಿನಲ್ಲಿ ಹೋರಾಡೋಣ ಎಂದು ಕರೆಕೊಟ್ಟಿತು. ಬಟ್ಟೆ ಒಗೆಯುವವರು, ಅಡುಗೆಯವರು, ರೈಲುದಾರಿಯ ಕೂಲಿಗಳು ಕೊಟ್ಟ ಡಾಲರುಗಳಿಂದ ಜೋಸೆಫ್ ಚೋಟ್‌ನಂಥ ದೇಶದ ದೊಡ್ಡ ವಕೀಲರು ಸುಪ್ರೀಂ ಕೋರ್ಟಿನಲ್ಲಿ ನಿಂತರು. ಕಕ್ಷಿದಾರರು ನ್ಯೂಯಾರ್ಕಿನ ಮೂವರು ಚೀನಿಯರು. ಅವರಲ್ಲೊಬ್ಬ ಚೀನಿ ಸಾಕ್ಷಿಗಳನ್ನು ತರಬಲ್ಲವನಾಗಿದ್ದ, ಬಿಳಿಯ ಸಾಕ್ಷಿ ಸಿಕ್ಕಿರಲಿಲ್ಲ. ಮೇ 10ರಂದು ವಾದ, 15ರಂದು ತೀರ್ಪು. ಐವರು ಸರ್ಕಾರದ ಪರ, ಮೂವರು ಭಿನ್ನಮತ. ಗಡೀಪಾರು ಅಪರಾಧಕ್ಕೆ ಕೊಡುವ ಶಿಕ್ಷೆಯಲ್ಲ, ಆದ್ದರಿಂದ ಆರೋಪಿಗೆ ಸಂವಿಧಾನ ಕೊಟ್ಟ ರಕ್ಷಣೆಗಳು ಇಲ್ಲಿ ಬರುವುದಿಲ್ಲ ಎಂದು ಬಹುಮತದ ತೀರ್ಪು ಹೇಳಿತು.

1963ರಲ್ಲಿ ಗಿಡಿಯನ್ ಎಂಬ ಕೈದಿ ಜೈಲಿನಿಂದ ಪೆನ್ಸಿಲಿನಲ್ಲಿ ಬರೆದ ಅರ್ಜಿಯ ಮೇಲೆ, ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರವೇ ವಕೀಲನನ್ನು ಕೊಡಬೇಕೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ವಲಸಿಗನಿಗೆ ಆ ತೀರ್ಪಿನ ನೆರಳು ಸಿಗಲಿಲ್ಲ. ಗಡೀಪಾರು ಶಿಕ್ಷೆಯಲ್ಲವಲ್ಲ. 1952ರ ವಲಸೆ ಕಾಯ್ದೆಯಲ್ಲಿ ಇರುವುದು ಇಷ್ಟೇ: ವಕೀಲನನ್ನು ಇಟ್ಟುಕೊಳ್ಳಬಹುದು, ಸರ್ಕಾರಕ್ಕೆ ಖರ್ಚಾಗಬಾರದು.

ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಅಲ್ಲಿನ ಒಂದು ವಲಸೆ ನ್ಯಾಯಾಲಯದಲ್ಲಿ ಹಿಂದಿನ ಬೆಂಚಿನ ಮೇಲೆ ಒಂದು ಬೆಳಗು ಕೂತಿದ್ದೆ. ನಮ್ಮ ಕಿರಿಯ ವಿಭಾಗದ ಕೋರ್ಟಿನಷ್ಟು ದೊಡ್ಡ ಕೋಣೆ. ಜಡ್ಜಿನ ಎದುರು ಎರಡು ಮೇಜು. ಒಂದರ ಹಿಂದೆ ಸರ್ಕಾರಿ ವಕೀಲ, ಲ್ಯಾಪ್‌ಟಾಪು, ಪಕ್ಕದಲ್ಲಿ ಕಡತಗಳ ರಾಶಿ. ಇನ್ನೊಂದರ ಹಿಂದೆ ಎರಡು ಕುರ್ಚಿ. ಮಧ್ಯ ಅಮೆರಿಕದಿಂದ ಬಂದ ಒಬ್ಬ ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದರಲ್ಲಿ ಕೂತಳು. ಇನ್ನೊಂದು ಖಾಲಿ. ದುಭಾಷಿಯ ದನಿ ಫೋನಿನಿಂದ ಬರುತ್ತಿತ್ತು. ವಕೀಲರಿದ್ದಾರೆಯೇ ಎಂದು ಜಡ್ಜು ಕೇಳಿದರು. ಇಲ್ಲ. ಕಡಿಮೆ ಶುಲ್ಕಕ್ಕೆ ಅಥವಾ ಉಚಿತವಾಗಿ ನಡೆಸಿಕೊಡುವ ಸಂಸ್ಥೆಗಳ ಪಟ್ಟಿಯೊಂದನ್ನು ಅವಳ ಕೈಗೆ ಕೊಡಿಸಿ, ಹುಡುಕಿಕೊಂಡು ಬನ್ನಿ ಎಂದು ಮುಂದಿನ ತಾರೀಖು ಕೊಟ್ಟರು. ಜಡ್ಜು ಒರಟಾಗಿ ಮಾತಾಡಲಿಲ್ಲ, ಸರ್ಕಾರಿ ವಕೀಲನೂ ಅಷ್ಟೆ. ಆದರೂ ಆ ಖಾಲಿ ಕುರ್ಚಿ ನನ್ನನ್ನು ಕಾಡಿತು. ಧಾರವಾಡದಲ್ಲಿ ಒಬ್ಬ ಹೆಂಗಸು ವಕೀಲನಿಲ್ಲದೆ ಹೀಗೆ ನಿಂತರೆ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಚೀಟಿ ಹೋಗುತ್ತದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಬಂಧನದಲ್ಲಿರುವವರಿಗೆ ಅದು ಹಕ್ಕು. ನಮ್ಮ ವ್ಯವಸ್ಥೆಯ ಕೊರತೆಗಳನ್ನು ಹತ್ತಿರದಿಂದ ಕಂಡವನು ನಾನು. ಹಕ್ಕಾದರೂ ಇದೆ.

ಅಮೆರಿಕದ ವಲಸೆ ಜಡ್ಜುಗಳು ನ್ಯಾಯಾಂಗದವರಲ್ಲ, ನ್ಯಾಯ ಇಲಾಖೆಯ ನೌಕರರು. ಅಲ್ಲಿ ಸೋತವರ ಅಪೀಲು ಅದೇ ಇಲಾಖೆಯ ಮೇಲ್ಮನವಿ ಮಂಡಳಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಮಾತ್ರ ನಿಜವಾದ ನ್ಯಾಯಾಲಯ, ಕ್ಯಾಲಿಫೋರ್ನಿಯಾದವರಿಗೆ ಪಂಡಿತರನ್ನು ಉಳಿಸಿದ ಅದೇ ಒಂಬತ್ತನೆಯ ಸರ್ಕ್ಯೂಟು. ಕೆಳಗೆ ದಾಖಲೆಯಲ್ಲಿ ಬರದ ತಕರಾರನ್ನು ಮೇಲೆ ಎತ್ತುವುದು ಬಹಳ ಕಷ್ಟ, ಇದು ಎಲ್ಲ ದೇಶದ ವಕೀಲರಿಗೂ ಗೊತ್ತಿರುವ ಮಾತು. 2007ರಿಂದ 2012ರವರೆಗೆ ತೀರ್ಮಾನವಾದ 12 ಲಕ್ಷಕ್ಕೂ ಹೆಚ್ಚು ಪ್ರಕರಣಗಳನ್ನು ನೋಡಿದ ಅಧ್ಯಯನವೊಂದರ ಪ್ರಕಾರ ವಕೀಲರಿದ್ದವರು ನೂರಕ್ಕೆ 37 ಜನ. ಬಂಧನದಲ್ಲಿ ಇದ್ದವರಲ್ಲಿ ನೂರಕ್ಕೆ 14. ನ್ಯೂಯಾರ್ಕ್ ನಗರ 2013ರಲ್ಲಿ ತನ್ನ ಬೊಕ್ಕಸದಿಂದ ಹಣ ತೆಗೆದಿಟ್ಟು ಬಂಧಿತ ವಲಸಿಗರಿಗೆ ವಕೀಲರನ್ನು ಕೊಡತೊಡಗಿತು. ಆ ದೇಶದಲ್ಲಿ ಅಂಥ ವ್ಯವಸ್ಥೆ ಅದೇ ಮೊದಲು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ನನ್ನದೊಂದು ಕೇಳಿಕೆ ಇದೆ. ನಿಮ್ಮಲ್ಲಿ ಬಹುಪಾಲು ಜನರ ವೀಸಾದ ಕಾಗದಪತ್ರ ನೋಡಿಕೊಳ್ಳಲು ಕಂಪನಿಯ ವಕೀಲರಿದ್ದರು. ಆ ಭಾಗ್ಯವಿಲ್ಲದವರು ನಿಮ್ಮ ಊರಿನ ಕೋರ್ಟಿನಲ್ಲಿಯೇ ಇದ್ದಾರೆ. ನಿಮ್ಮಲ್ಲಿ ವಕೀಲರಾದವರು ವರ್ಷಕ್ಕೆ ಒಂದು ಪ್ರಕರಣವನ್ನಾದರೂ ಶುಲ್ಕವಿಲ್ಲದೆ ನಡೆಸಿಕೊಡಿ. ವಲಸೆ ಕಾನೂನಿನ ಪರಿಣತರೇ ಆಗಬೇಕಿಲ್ಲ, ಯಾವುದೇ ರಾಜ್ಯದ ಸನ್ನದು ಇದ್ದವರು ಆ ಕೋರ್ಟಿನಲ್ಲಿ ಹೆಸರು ನೋಂದಾಯಿಸಿ ಹಾಜರಾಗಬಹುದು. ವಕೀಲರಲ್ಲದವರಿಗೂ ದಾರಿಯಿದೆ. ಮಾನ್ಯತೆ ಪಡೆದ ಸೇವಾ ಸಂಸ್ಥೆಯೊಂದರ ಮೂಲಕ ತರಬೇತಿ ಮುಗಿಸಿ ನ್ಯಾಯ ಇಲಾಖೆಯ ಒಪ್ಪಿಗೆ ಪಡೆದರೆ, ಸನ್ನದಿಲ್ಲದವರೂ ವಲಸಿಗರ ಪರವಾಗಿ ನಿಲ್ಲಬಹುದು.